ನೆಲಕ್ಕೆ ಬಡಿದ ತಟ್ಟೆ

ನವೆಂಬರ್ ೧೮, ಕಣಕಟ್ಟೆ. ರಾತ್ರಿ ಎರಡೂವರೆ.

ಸೂರಿನ ಶೀಟಿನ ಮೇಲೆ ತೆಂಗಿನಕಾಯಿ ಬಿದ್ದ ಸದ್ದಿಗೆ ಎಚ್ಚರವಾಯಿತು. ಅತ್ತೆಯೂ ಎದ್ದು ಕೂತರು. ತೊಟ್ಟಿಲಲ್ಲಿ ಪುಟ್ಟಿ ಮಾತ್ರ ಕದಲಲಿಲ್ಲ. ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ. ನನಗೆ ಗೊತ್ತು. ಗೊತ್ತು ಎಂದರೆ ಈ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಸಂಜೆ ಅತ್ತೆ ಅವಳನ್ನು ನೆಲದ ಮೇಲೆ ಕೂರಿಸಿ, ಬೆನ್ನ ಹಿಂದೆ ತಟ್ಟೆಯನ್ನು ನೆಲಕ್ಕೆ ಬಡಿದರು. ಪುಟ್ಟಿ ತಿರುಗಿದಳು.

"ನೋಡ್ದೇನೇ, ಹೆಂಗೆ ತಿರುಗ್ತು? ಓದ್ಕಂಡು ಓದ್ಕಂಡು ನಿಂಗೇ ತಲೆ ಕೆಟ್ಟೈತೆ. ನಾಳೆ ಹಾಸನಕ್ಕೂ ಬ್ಯಾಡ, ಕಿವಿ ಪರೀಕ್ಷೆನೂ ಬ್ಯಾಡ."

ನೆಲ ಅದುರಿದ್ದು ಮಗುವಿನ ಮೈಗೆ ತಿಳಿದಿತ್ತು, ಅಷ್ಟೆ. ಹಾಸಿಗೆಯ ಮೇಲೆ ಕೂರಿಸಿ, ನಾನು ಬೆನ್ನ ಹಿಂದೆ ತಟ್ಟೆಯನ್ನು ಕೈಯಲ್ಲೆತ್ತಿ ಸೌಟಿನಿಂದ ಬಡಿದಾಗ ತಿರುಗಲೇ ಇಲ್ಲ. ಅದನ್ನು ನೋಡಲು ಅತ್ತೆ ನಿಲ್ಲಲಿಲ್ಲ.

ಕಾಲೇಜಿನಲ್ಲಿ ತರ್ಕಶಾಸ್ತ್ರದ ಹೇತ್ವಾಭಾಸದ ಪಾಠ ಮಾಡುತ್ತಿದ್ದೆ: ಕಂಡದ್ದು ನಿಜ, ಅದರಿಂದ ಎಳೆದ ತೀರ್ಮಾನ ಸುಳ್ಳು. ಜ್ಞಾನ ತನಗೆ ತಾನೇ ಪ್ರಮಾಣ, ಬೇರೆ ಸಾಕ್ಷಿ ಬೇಡ ಎನ್ನುವ ಮೀಮಾಂಸಕರ ಮಾತನ್ನೂ ಹೇಳಿಕೊಟ್ಟಿದ್ದೆ. ಅವರಿಗೆ ಅತ್ತೆ ಇರಲಿಲ್ಲವೇನೋ. ನನ್ನ ಜ್ಞಾನಕ್ಕೆ ಗಂಡನ ಒಂದು ಫೋನು ಬೇಕು.

ಇವರಿಗೆ ಬೇಲೂರಿನಲ್ಲಿ ನೈಟ್ ಡ್ಯೂಟಿ, ಫೋನ್ ಎತ್ತುತ್ತಿಲ್ಲ. ರೀ, ಇದನ್ನು ನೀವು ಓದುವುದಿಲ್ಲ, ಆದರೂ ಬರೆಯುತ್ತಿದ್ದೇನೆ. ಬೇಕಾದರೆ ನನ್ನನ್ನು ನಂಬಬೇಡಿ. ಒಂದು ಸಲ ಹೋಗಿಬರಲಿ ಅಂತ ನಿಮ್ಮಮ್ಮನಿಗೆ ಹೇಳಿ, ಸಾಕು. ಹಾಸನದ ಮೊದಲ ಬಸ್ಸಿಗೆ ಮುಂಚೆ ಫೋನ್ ಮಾಡಿ, ಬೆಳಗಾಗುವುದರೊಳಗೆ, ದಯವಿಟ್ಟು