ಸೌನಾ ಮನೆಯ ಹಳೇ ಕಂಪ್ಯೂಟರ್

ಕಾಯಾನಿ, ಫಿನ್ಲೆಂಡ್
ಮಾರ್ಚ್ ೧೪, ೨೦೨೪

ಪ್ರೀತಿಯ ತಾಯಿಸ್ತೋ ಅಣ್ಣಾ,

ಹೆಲ್ಸಿಂಕಿಯಲ್ಲಿ ಕ್ಷೇಮವೇ? ನಿನ್ನ ಬೆನ್ನುನೋವು ಹೇಗಿದೆ? ಪ್ರಶಸ್ತಿ ಹೊತ್ತು ಹೊತ್ತು ಹೆಚ್ಚಾಗಿರಬೇಕು, ಪಾಪ! ನಾನು ಚೆನ್ನಾಗಿದ್ದೇನೆ, ಹೊಟ್ಟೆಯುರಿಯೊಂದನ್ನು ಬಿಟ್ಟರೆ.

ಅಪ್ಪ ಹೆಪ್ಪುಗಟ್ಟಿದ ಸರೋವರದ ಮಂಜುಗಡ್ಡೆಯಡಿ ಬಲೆ ಬಿಡುವ ಆ ಕಿರುಚಿತ್ರ ತೆಗೆದವಳು ನಾನು. ಅಪ್ಪ ತೀರಿಕೊಂಡ ತಿಂಗಳಿಗೇ ನೀನು ನಮ್ಮ ಸ್ಟುಡಿಯೋದ ಹೊಸ ಕಂಪ್ಯೂಟರ್ ಹೊತ್ತೊಯ್ದೆ, ಚಿತ್ರಕ್ಕೆ ನಿನ್ನ ಹೆಸರು ಹಾಕಿಕೊಂಡು ಪ್ರಶಸ್ತಿ ಗೆದ್ದೆ. ನಾನು ಫೋನಿನಲ್ಲಿ ಅತ್ತರೆ, "ನೀನೇ ತೆಗ್ದಿದ್ದು ಅನ್ನೋಕೆ ಸಾಕ್ಷಿ ಎಲ್ಲಿದೆ, ತೋರ್ಸು" ಅಂದೆ. ಆ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಹಬೆಸ್ನಾನದ ನಮ್ಮ ಸೌನಾ ಮನೆಯ ಹೊರಕೋಣೆಯಲ್ಲಿ ನೀನು ಬಿಟ್ಟುಹೋದ ಹಳೇ ಕಂಪ್ಯೂಟರ್ ನೆನಪಿದೆಯೇ? "ಅದು ಸತ್ತೋಗಿದೆ, ಕಸಕ್ಕೆ ಹಾಕು" ಅಂದಿದ್ದೆಯಲ್ಲ. ಸೋಮಾರಿ, ನೀನೇ ಒಯ್ದು ಎಸೆಯಬಾರದಿತ್ತೇ! ಗ್ರಂಥಾಲಯದಿಂದ ನಿವೃತ್ತರಾದ ಔನೆಯಮ್ಮ ಪೆನ್‌ಡ್ರೈವ್ ಹಿಡಿದು ಬಂದರು. "ಯಂತ್ರ ಗಟ್ಟಿಯಾಗೇ ಇದೆ ಕಣೇ. ವಿಂಡೋಸ್ ಬದ್ಲು ಪುಕ್ಕಟೆ ಸಿಗೋ ಲಿನಕ್ಸ್ ಹಾಕೋಣ. ಬಾಡಿಗೆನೂ ಬೇಡ, ನಿಮ್ಮಣ್ಣನ ಪಾಸ್‌ವರ್ಡೂ ಬೇಡ" ಅಂದರು. ಹಳೇ ಡಿಸ್ಕ್ ಮುಟ್ಟದೆ ಹೊಸದೊಂದರಲ್ಲಿ ಹಾಕಿದೆವು. ಸಂಕಲನಕ್ಕೆ ಒಂದು, ಧ್ವನಿಗೆ ಒಂದು ತಂತ್ರಾಂಶ ಇಳಿಸಿದೆವು. ನನ್ನ ಫೋನಿನಲ್ಲಿದ್ದ ಅಪ್ಪನ ಒಂದು ವಿಡಿಯೋ ಹಾಕಿ ನೋಡಿದರೆ, ಎರಡು ದಿನ ಧ್ವನಿ ಚಿತ್ರಕ್ಕಿಂತ ಹಿಂದೆ ಬಿತ್ತು. ಅಪ್ಪ ಬಾಯಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತಿತ್ತು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಔನೆಯಮ್ಮ ನಾಲ್ಕನೇ ಕಾಫಿ ಬಗ್ಗಿಸಿಕೊಂಡು, "ಅಳೋದು ಆಮೇಲೆ, ಮೊದ್ಲು ಸೆಟ್ಟಿಂಗ್ ನೋಡು" ಎಂದು ಗದರಿದರು. ಮೂರನೇ ದಿನ ಸರಿಹೋಯಿತು.

ಆಮೇಲೆ ಹಳೇ ಡಿಸ್ಕ್ ತೆರೆದೆವು. ನೀನು ಕತ್ತರಿಸುವ ಮೊದಲಿನ ಚಿತ್ರೀಕರಣವೆಲ್ಲ ಇಡಿಯಾಗಿ ಅಲ್ಲೇ ಕುಳಿತಿತ್ತು, ಅಣ್ಣಾ! ಕೂತು ಹೊಸದಾಗಿ ಜೋಡಿಸಿದ್ದೇನೆ. ಪ್ರಶಸ್ತಿ ಕೊಟ್ಟವರಿಗೂ ಒಂದು ಪ್ರತಿ ನಿನ್ನೆಯೇ ಹೋಯಿತು.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ, ಇನ್ನು ಮುಂದೆ ಹೊರಲು ಭಾರವೇನೂ ಇರುವುದಿಲ್ಲ.

ನಿನ್ನ ತಂಗಿ,
ಹಿಲ್ಲೆವಿ

ತಾ.ಕ.: ಶನಿವಾರ ನಾಲ್ಕಕ್ಕೆ ಗ್ರಂಥಾಲಯದಲ್ಲಿ ಊರಿಗೆಲ್ಲ ತೋರಿಸುತ್ತೇನೆ, ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಇದೆ. ಕೊರೆವ ಚಳಿಯಲ್ಲಿ ಕ್ಯಾಮೆರಾ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವುದಿಲ್ಲ, ಆರಿಸಲೇಬೇಡ ಎಂದು ಕಲಿಸಿದವನು ನೀನೇ. ಆ ದಿನವೂ ನಾನು ಆರಿಸಿರಲಿಲ್ಲ. ಹಾಗಾಗಿ ಚಿತ್ರ ಶುರುವಾಗುವುದೇ ನಿನ್ನ ದನಿಯಿಂದ: "ನೀನೇ ತೆಗಿಯೇ, ನನ್ ಕೈ ಮರಗಟ್ಟೋಯ್ತು, ನಾನು ಕಾರಲ್ಲಿ ಕೂತಿರ್ತೀನಿ." ಅದರ ಹಿಂದೆಯೇ ಅಪ್ಪನ ದನಿ: "ಹೋಗ್ಲಿ ಬಿಡು ಮಗಳೇ. ನೀನಿದ್ದೀಯಲ್ಲ, ಸಾಕು."