ಅವ್ವನ ಅಂಗೈಯಾಗ ಇರೋದು

ತಿಳವಳ್ಳಿ
ತಾ. ೮-೮-೧೯೩೮

ಚಿ. ಮಹಾಲಿಂಗಗ,

ನಿನ್ನ ಅಣ್ಣನ ಆಶೀರ್ವಾದ. ನಿನ್ನ ಪತ್ರ ಬಂದು ತಿಂಗಳಾತು, ಉತ್ತರ ಬರಿಯಾಕ ಕೈ ಬರಲಿಲ್ಲ. ಸಿಟ್ಟಾಗಬ್ಯಾಡ. ಮಳಿ ಚಲೋ ಆಗೇತಿ. ನಿಮ್ಮತ್ತಿಗಿ ಹೊನ್ನವ್ವಗ ಏಳು ತಿಂಗಳು. "ಪುಣೆದಾಗ ರೊಟ್ಟಿ ಸಿಗತಾವೋ ಇಲ್ಲೋ" ಅಂತ ಕೇಳ್ಯಾಳ.

ನೀ ಕಾಲೇಜಿನಾಗ ಓದಿ ಬರದ ಜರ್ಮನಿ ತತ್ವಜ್ಞಾನಿ ಗುರು-ಶಿಷ್ಯರ ವಾದ ನಾಕು ಸಲ ಓದಿದೆ. ವಸ್ತು ಖರೇನ ಐತೋ ಇಲ್ಲೋ ಅನ್ನೋದನ್ನ ಬದಿಗಿಡು, ನಮಗ ಹೆಂಗ ತೋರತೈತಿ ಅಷ್ಟ ನೋಡು ಅಂತಾನ ಗುರು. ಅಲ್ಲೇ ನಿಂತ್ರ ಸಾಲದು, ತೋರೋದರ ಬೆನ್ನ ಹತ್ತಿ 'ಇರೋದು' ಅಂದ್ರೇನು ಅನ್ನೋತನಕ ಹೋಗಬೇಕು ಅಂತಾನ ಶಿಷ್ಯ. ನನ್ನಂಥ ಕನ್ನಡ ಸಾಲಿ ಮಾಸ್ತರಗ ಯಾಕ ಬೇಕಾಗಿತ್ತೋ ಈ ಉಸಾಬರಿ!

ಈಗ ಗಟ್ಟಿ ಮನಸು ಮಾಡಿ ಓದು. ಅವ್ವನ ಕಣ್ಣು ಪೂರಾ ಹೋಗ್ಯಾವ, ಬೆರಳು ನಡಗತಾವ. ದಿನಾ ಪೂಜಿಗೆ ಅವಳ ಇಷ್ಟಲಿಂಗ ತೊಳದು ಅಂಗೈಯಾಗ ಇಡಾವ ನಾನ. ನಾಗರ ಅಮಾಸಿ ದಿನ ಬಾವಿ ಕಟ್ಟಿಮ್ಯಾಲ ತೊಳೆಯೋವಾಗ ಕೈ ಜಾರಿ ಒಳಗ ಬಿತ್ತು. ಲಿಂಗ ಹೋದ್ರ ನೀರೂ ಮುಟ್ಟಬಾರದು, ಪ್ರಾಣ ಬಿಡಬೇಕು ಅನ್ನಾಕಿ ಅವ್ವ. ಅವಳ ಅಕ್ಕ ಹಂಗ ಹೋದಾಕಿ. ನಾ ಹೆದರಿದೆ. ಹುಟ್ಟೋ ಕೂಸಿಗೆ ಕಟ್ಟಾಕಂತ ಹಾನಗಲ್ಲದಿಂದ ತಂದಿಟ್ಟಿದ್ದ ಹೊಸಾ ಲಿಂಗ ಅವಳ ಕೈಯಾಗಿಟ್ಟೆ. ಆಕಾರ ಹಳೇದರಂಗ, ತೂಕ ಹಳೇದರಂಗ. ದೀಕ್ಷಾ ಕೊಡೋ ಗುರುವಿನ ಕೈ ಮಾತ್ರ ಮುಟ್ಟಿಲ್ಲ.

ಅವ್ವ ಅರ್ಧ ತಾಸು ಅಂಗೈ ಕಡೆ ಮುಖ ಮಾಡಿ ಕುಂತಳು. ಆಮ್ಯಾಲ ಅಂದ್ಲು, "ಗುದ್ಲ್ಯಾ, ಇವತ್ತ ಭಾಳ ಬೆಳಕು ಐತಪಾ." ಆ ಜರ್ಮನಿ ಗುರುವಿಗೆ ಹಂಗ ತೋರಿದ್ರ ಸಾಕೇನೋ, ನನಗ ಸಾಲವಲ್ದು. ಅವಳ ಅಂಗೈಯಾಗ ಇರೋದು ಏನೋ ತಮ್ಮಾ?

ಬರೋ ಸೋಮವಾರ ಮಠದ ಅಯ್ಯಾರು ಪಾದಪೂಜಿಗೆ ಬರತಾರ. ಅವ್ವಗ ಲಿಂಗಾ ಕಟ್ಟಿದವರು ಅವರ. ಒಮ್ಮಿ ಅವರ ಕಣ್ಣಿಗೆ ತೋರಸಬೇಕು ಅಂತ ಅವ್ವ ಹಟಾ ಹಿಡದಾಳ. ಅವರು ಕೈಯಾಗ ಹಿಡದ ಕೂಡಲೆ ಗುರುತ ಹಿಡಿತಾರ. "ಈಗ ಹೇಳಿಬಿಡ್ರಿ" ಅಂತಾಳ ಹೊನ್ನವ್ವ. ಹೇಳಿದ್ರ ಅವ್ವ ಅನ್ನ ನೀರು ಬಿಡತಾಳ. ಹೇಳದಿದ್ರ ಅಯ್ಯಾರ ಬಾಯಿಂದ ಕೇಳತಾಳ. ಅತ್ತ ದರಿ, ಇತ್ತ ಪುಲಿ. ಅವ್ವ ಹೆಸರು ಹಿಡದು ಕರದ್ರ ಸಾಕು, ಹಿತ್ತಲಕ್ಕ ಎದ್ದು ಹೋಗತೇನಿ.

ಪತ್ರ ಮುಟ್ಟಿದ ಕೂಡಲೆ ಹೊರಡು. ಹಾವೇರಿ ಟೇಸನಕ್ಕ ಚಕ್ಕಡಿ ಕಳಸತೇನಿ. ನಿನ್ನ ಮಾತು ಅವ್ವ ಕೇಳ್ಯಾಳು. ಹಾದ್ಯಾಗ ಉಪಾಸ ಇರಬ್ಯಾಡ. ಶಿವ ನಿನ್ನ ಕಾಯಲಿ.

ನಿನ್ನ ಅಣ್ಣ
ಗುದ್ಲೆಪ್ಪ

ತಾ.ಕ.: ಬಾವಿಗೆ ಬಿತ್ತು ಅಂತ ಹೊನ್ನವ್ವಗೂ ಹೇಳೇನಿ, ನಿನಗೂ ಬರದೆ. ಸುಳ್ಳು. ನಿನ್ನ ಪತ್ರ ಓದಿ, ತೋರೋದು ಸಾಕೋ ಇರೋದು ಬೇಕೋ ನೋಡೇಬಿಡೋಣ ಅಂತ ನಾನ ಲಿಂಗ ಬದಲ ಮಾಡಿದೆ. ಸಂಜಿಗೆ ತಿರಗಿ ಇಡಾವ ಇದ್ದೆ. ಖರೇದು ಕೋಟಿನ ಕಿಸೆದಾಗಿತ್ತು, ಸಾಲಿ ಹಾದ್ಯಾಗ ಎಲ್ಲಿ ಬಿತ್ತೋ, ಇವತ್ತಿಗೂ ಹುಡಕಾಕತ್ತೇನಿ. ಅಪ್ಪ ನಿನ್ನ ಓದಿಸಿದಾ, ನನ್ನ ಇಲ್ಲೇ ಬಿಟ್ಟಾ. ನಾನೂ ವಿಚಾರ ಮಾಡಬಲ್ಲೆ ಅಂತ ನಿನಗ ಬರದು ಗೆಲ್ಲಬೇಕಾಗಿತ್ತೋ. ಅದಕ್ಕ ನಮ್ಮವ್ವನ್ನ ಪಣಕ್ಕಿಟ್ಟೆ.