ಅಪ್ಪನ ಕಡೆಯವರು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ
ಮೂರನೇ ಕೀಮೋ ಆಗಿ ಐದು ದಿನ. ಇವತ್ತು ಬಾಯಿಗೆ ಸ್ವಲ್ಪ ರುಚಿ ಬಂದಿದೆ. ಉಪ್ಪಿಟ್ಟು ಪೂರ್ತಿ ತಿಂದೆ. ಡಾಕ್ಟರ್ ಜೆನೆಟಿಕ್ ಟೆಸ್ಟ್ ಮಾಡಿಸಿ ಅಂದಿದ್ದಾರೆ — ಈ ಎದೆಯ ಕ್ಯಾನ್ಸರ್ ವಂಶದಿಂದ ಬಂದದ್ದೋ ಅಲ್ಲವೋ ಗೊತ್ತಾಗುತ್ತಂತೆ. ನಾಳೆ ಕೌನ್ಸೆಲರ್ ಮಧುಶ್ರೀ ಹತ್ತಿರ ಹೋಗಬೇಕು. ಫ್ಯಾಮಿಲಿ ಟ್ರೀ ತನ್ನಿ ಅಂದರು. ಅದಕ್ಕೇನು! ಉತ್ತರಹಳ್ಳಿಯಲ್ಲಿ ಜಮೀನಿದ್ದವರ ಮನೆಯಲ್ಲಿ ಅದಿಲ್ಲದೆ ಇರುತ್ತಾ? ಬೀರುವಿನಲ್ಲೇ ಇದೆ, ಸೀಲು ಸಮೇತ.

ಫೆ. 4
ಮಾನ ಹೋಯಿತು. ಆಸ್ತಿ ಭಾಗ ಆಗುವಾಗ ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷ ಕೊಟ್ಟೆ. ಮಧುಶ್ರೀ ಎರಡು ನಿಮಿಷ ಓದಿದರು. "ಅಮ್ಮಾ, ಇದು ನಿಮ್ಮ ಯಜಮಾನರ ವಂಶ. ನಮಗೆ ನಿಮ್ಮ ತವರಿಂದು ಬೇಕು." ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಕೇಳಿದರು, "ತಂದೆ ಕಡೆ ಹೆಂಗಸರಲ್ಲಿ ಯಾರಿಗಾದ್ರೂ ಆಗಿತ್ತಾ?" ತಂದೆಯಿಂದಲೂ ಬರುತ್ತಂತೆ. ನನಗೆ ಗೊತ್ತೇ ಇರಲಿಲ್ಲ.

ಫೆ. 9, ಭಾನುವಾರ
ಕತ್ರಿಗುಪ್ಪೆಗೆ ಹೋಗಿದ್ದೆ, ತವರಿಗೆ. ಲಕ್ಷ್ಮಿದೇವಮ್ಮತ್ತೆಯನ್ನು ಕೇಳಿದೆ. ಅಪ್ಪನ ಅಕ್ಕತಂಗಿಯರಲ್ಲಿ ಉಳಿದಿರುವವರು ಇವರೊಬ್ಬರೇ. ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. "ನಮ್ಮಕ್ಕಂದಿರಿಬ್ರಿಗೂ ಎದೇಲಿ ಗಂಟಿತ್ತು ಕಣೇ. ಯಾರ್ಗೂ ಹೇಳ್ಬಾರ್ದು ಅಂದಿದ್ರು. ಗಾಳಿ ಸೋಕ್ತು ಅಂತ ಹೇಳ್ಕೊಂಡ್ವಿ." ಇಬ್ಬರೂ ನಲವತ್ತು ದಾಟಲಿಲ್ಲ.
ಅಷ್ಟರಲ್ಲಿ ಅಣ್ಣ ಬಂದ. ನಮ್ಮಣ್ಣ ಚಿಕ್ಕಬೈರಪ್ಪನ ಗಂಟಲು ಇಡೀ ಬೀದಿಗೆ ಗೊತ್ತು. "ಟೆಸ್ಟು ಗಿಸ್ಟು ಬ್ಯಾಡ. ಅರ್ಪಿತಂಗೆ ಗಂಡು ನೋಡ್ತಿದೀವಿ. ವಂಶದಲ್ಲೇ ಕಾಯಿಲೆ ಐತೆ ಅಂತ ರಿಪೋರ್ಟ್ ಬಂದ್ರೆ ನನ್ ಮಗಳನ್ನ ಯಾರ್ ಮಾಡ್ಕೋತಾರೆ? ಮದ್ವೆ ಆಗೋಗ್ಲಿ, ಆಮೇಲ್ ಮಾಡಿಸ್ಕೋ."
ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಅಲ್ಲೇ ಉತ್ತರ ಕೊಡಬೇಕಿತ್ತು.

ಫೆ. 12
ಎರಡು ದಿನ ಬರೆದಿಲ್ಲ. ಕೋಪ. ಅವನ ಮೇಲಲ್ಲ... ಅವನ ಮೇಲೂ ಹೌದು. ಯಾರೋ ಗಂಡಿನ ಕಡೆಯವರಿಗೆ ಹೆದರಿ ಹುಡುಗಿಗೇ ವಿಷಯ ಮುಚ್ಚಿಡುವುದಾ? ಅತ್ತೆಯರಿಬ್ಬರನ್ನು ಹೀಗೇ ಕಳಕೊಂಡದ್ದು. ನನಗೂ ಭಯ ಇದೆ. ಪಾಸಿಟಿವ್ ಬಂದರೆ ಇನ್ನೊಂದು ಎದೆಯನ್ನೂ ತೆಗೆಸಬೇಕಾಗಬಹುದು. ಆದರೂ ಹೋಗಿ ಸಹಿ ಹಾಕಿದೆ, ರಕ್ತ ಕೊಟ್ಟೆ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಟಪ್ ಅಂತ ಫೋನ್ ಇಟ್ಟ.

ಮಾರ್ಚ್ 11
ಪಾಸಿಟಿವ್. ವಂಶದಿಂದ ಬಂದದ್ದೇ.
ಅಳು ಬಂತು, ಅಲ್ಲೇ ಅತ್ತು ಮುಗಿಸಿದೆ. ಮಧುಶ್ರೀ ಹೇಳಿದರು — ಅಣ್ಣನಿಗೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಅವನಿಗಿದ್ದರೆ ಮಕ್ಕಳಿಗೂ ಬಂದಿರಬಹುದು. "ಮೊದಲೇ ಗೊತ್ತಾದ್ರೆ ಚೆಕಪ್ ಮಾಡಿಸ್ತಾ ಹುಷಾರಾಗಿರ್ಬಹುದು."
ನೇರ ಕತ್ರಿಗುಪ್ಪೆಗೆ ಆಟೋ ಹಿಡಿದೆ. ರಿಪೋರ್ಟನ್ನು ಅಣ್ಣನ ಮುಂದಿಟ್ಟೆ. "ಗಂಡು ಎಷ್ಟ್ ಬೇಕಾದ್ರೂ ಸಿಕ್ತಾವೆ ಕಣಣ್ಣ. ಅರ್ಪಿತಾ ಸಿಗ್ತಾಳಾ?" ಅಂದೆ. ಅರ್ಪಿತಾ ಬಾಗಿಲಲ್ಲೇ ನಿಂತಿದ್ದಳು. ಎಲ್ಲಾ ಕೇಳಿಸಿಕೊಂಡಳು. ಕೇಳಿಸಿಕೊಳ್ಳಲಿ ಅಂತಲೇ ಜೋರಾಗಿ ಹೇಳಿದ್ದು.

ಮಾರ್ಚ್ 17. ಮಧ್ಯಾಹ್ನ 12, ಆಸ್ಪತ್ರೆ
ಗೆದ್ದೆ! ಲ್ಯಾಬ್ ಮುಂದೆ ಕೂತು ಬರೆಯುತ್ತಿದ್ದೇನೆ. ಅಣ್ಣ ಬಂದಿದ್ದಾನೆ! ಪಕ್ಕದಲ್ಲಿ ಅರ್ಪಿತಾ. ಮಧುಶ್ರೀ ಎದುರು ಅಂಗಿ ತೋಳು ಮಡಿಸಿ, "ಮೊದ್ಲು ನಂದು ತಗೊಳ್ಳಿ ಮೇಡಂ. ಇಬ್ರು ಹೆಣ್ಮಕ್ಳವ್ರೆ ನಂಗೆ" ಅಂದ. ಗಂಡಿನ ಕಡೆಯವರಿಗೂ ತಾನೇ ಹೇಳಿದನಂತೆ. "ಯೋಚ್ನೆ ಮಾಡಿ ಹೇಳ್ತೀವಿ ಅಂದ್ರು. ನಾವೂ ಯೋಚ್ನೆ ಮಾಡ್ತೀವಿ ಅಂದೆ." ಕುಣಿಯೋಣ ಅನ್ನಿಸಿತು ನನಗೆ.
ಸೂಜಿ ಅಂದರೆ ಅವನಿಗೆ ಜೀವ ಹೋಗುತ್ತೆ. ಒಳಗಿನಿಂದ ಕೂಗುತ್ತಿದ್ದಾನೆ, ಬಂದು ಕೈ ಹಿಡ್ಕೊಳೇ ಅಂತ. ಬಂದೆ ಇರಣ್ಣ, ಬ—